ಬಿದ್ರಿ ಹೂದಾನಿಯಲ್ಲಿ ಸತು ಕಪ್ಪಾಗುತ್ತದೆ, ಬೆಳ್ಳಿ ಯಾಕೆ ಆಗಲ್ಲ?

ಮಸಿಕುಡಿಕೆ

ಇವತ್ತಿನ ಪಾಳಿ ನನ್ನದು. ಕಲೆ, ವಿನ್ಯಾಸ, ವಿಜ್ಞಾನ, ತಂತ್ರಜ್ಞಾನ, ಯಾವುದಾದರೂ ಸರಿ, ದಿನಕ್ಕೊಂದು ಒಳ್ಳೆಯ ಸಂಗತಿ ಅಂತ ಶುರು ಮಾಡಿದ್ದೆವಲ್ಲ, ನನಗೆ ಸಿಕ್ಕಿದ್ದು ಬಿದ್ರಿ, ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಬೀದರಿನ ಕಸುಬು. "ಅಯ್ಯೋ ಅದು ಗೊತ್ತಿರೋದೇ, ಸಮಾರಂಭದಲ್ಲಿ ಅತಿಥಿಗಳಿಗೆ ಕೊಡ್ತಾರಲ್ಲ" ಅನ್ನಬೇಡಿ. ನಾನೂ ಅಷ್ಟು ದಿನ ಗಾಜಿನ ಆಚೆಯಿಂದಲೇ ನೋಡಿದ್ದು. ಮೊನ್ನೆ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಗೆ ತಂದ ಹೂದಾನಿಯನ್ನು ಪ್ಯಾಕ್ ಮಾಡುವ ಕೆಲಸ ನನಗೆ ಬಂತು. ಕೈಗೆ ತಗೊಂಡು ಕಿಟಕಿ ಹತ್ತಿರ ನಿಂತೆ, ಆಮೇಲೆ ಪ್ಯಾಕ್ ಮಾಡೋದೇ ಮರೆತೆ.

ಆ ಕಪ್ಪು ಬಳಿದ ಕಪ್ಪಲ್ಲ. ಉಗುರಿನಿಂದ ಕೆರೆದರೆ ಏನೂ ಏಳುವುದಿಲ್ಲ. ಬೆಳ್ಳಿಯ ಬಳ್ಳಿ ಕೂದಲೆಳೆಯಷ್ಟು ಸಣ್ಣದು, ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಬೆಳ್ಳಿ ಮುಗಿದು ಎಲ್ಲಿ ಕಪ್ಪು ಶುರುವಾಯಿತು ಅಂತ ತಿಳಿಯುವುದೇ ಇಲ್ಲ.

ಓದಿ ತಿಳಿದುಕೊಂಡಿದ್ದು ಇಷ್ಟು. ಪಾತ್ರೆಯ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಸಾಮಾನ್ಯವಾಗಿ ಹೇಳುವ ಲೆಕ್ಕ 16 ಪಾಲು ಸತುವಿಗೆ 1 ಪಾಲು ತಾಮ್ರ. ಅದನ್ನು ಅಚ್ಚಿನಲ್ಲಿ ಎರಕ ಹೊಯ್ದು, ಮೇಲೆ ಚಿತ್ರ ಕೊರೆದು, ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ನವಸಾಗರ ಮತ್ತು ಬೀದರ್ ಕೋಟೆಯ ಹಳೇ ಮಣ್ಣು ಸೇರಿಸಿ ಹಚ್ಚಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ.

ನನ್ನ ಪ್ರಶ್ನೆ ಎರಡು. ಒಂದೇ ಮಣ್ಣು, ಒಂದೇ ಪಾತ್ರೆ, ಒಂದೇ ಹೊತ್ತು, ಆದರೂ ಒಂದು ಲೋಹ ಕಪ್ಪಾಗಿ ಪಕ್ಕದ್ದು ಹೇಗೆ ಬೆಳ್ಳಗೆ ಉಳಿಯಿತು? ಮತ್ತೆ ಆ ಕೋಟೆ ಮಣ್ಣಿನ ಮಾತು ನಿಜಾನಾ, ಅಥವಾ ಪ್ರವಾಸಿಗರಿಗೆ ಹೇಳುವ ಕತೆಯಾ? ಜೊತೆಗೆ, ಬಣ್ಣ ಹಚ್ಚದೇ ಬರೀ ರಾಸಾಯನಿಕ ಕ್ರಿಯೆಯಿಂದಲೇ ಚಿತ್ರ ಮೂಡುವಂಥ ಬೇರೆ ಕಸುಬು ಗೊತ್ತಿದ್ದರೆ ಹಾಕಿ.

ಪಿಪೆಟ್ಟು

ಪಿಯುಸಿ ಹುಡುಗರಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ, ಹಾಗಾಗಿ ಮೊದಲ ಪ್ರಶ್ನೆ ನನಗೆ ಬಿಡಿ.

ಸತು ಬಹಳ ಚುರುಕಿನ ಲೋಹ. ಯಾರು ಸಿಕ್ಕರೂ ಪ್ರತಿಕ್ರಿಯೆಗೆ ಇಳಿದುಬಿಡುತ್ತದೆ. ಬೆಳ್ಳಿ ಅದಕ್ಕೆ ಪೂರ್ತಿ ಉಲ್ಟಾ, ಸುಲಭಕ್ಕೆ ಜಗ್ಗುವುದಿಲ್ಲ. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಅದನ್ನು ಒದ್ದೆ ಮಾಡಿ ಬಿಸಿ ಲೋಹಕ್ಕೆ ಹಚ್ಚಿದಾಗ ಮೇಲ್ಮೈಯಲ್ಲಿರುವ ಸತುವನ್ನು ಮೊದಲು ತಿನ್ನುತ್ತದೆ. ಸತು ಕರಗಿ ಹೋದಂತೆ ಮೇಲ್ಪದರದಲ್ಲಿ ತಾಮ್ರದ ಪಾಲು ಜಾಸ್ತಿಯಾಗುತ್ತದೆ, ಅದು ಆಕ್ಸಿಡೈಸ್ ಆಗಿ ಕಪ್ಪು ಪದರ ಕೂರುತ್ತದೆ. ಅಂದರೆ ನೀವು ನೋಡಿದ ಕಪ್ಪಿನ ಗುಟ್ಟು ಆ ಒಂದು ಪಾಲು ತಾಮ್ರದಲ್ಲಿದೆ. ತಾಮ್ರವೇ ಇಲ್ಲದ ಸತುವಿಗೆ ಹೀಗೆ ಮಾಡಿದರೆ ಈ ಗಾಢ ಕಪ್ಪು ಸಿಗುವುದಿಲ್ಲ.

ಬೆಳ್ಳಿಗೆ ಈ ಮಿಶ್ರಣ ಏನೂ ಮಾಡಲ್ಲ. ಆದರೆ ಬೆಳ್ಳಿ ಎಂದಿಗೂ ಕಪ್ಪಾಗಲ್ಲ ಅಂತಲ್ಲ. ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಸಿಕ್ಕಿದರೆ ನಿಧಾನವಾಗಿ ಮಂಕಾಗುತ್ತದೆ, ಮನೆಯ ಬೆಳ್ಳಿ ದೀಪದ ಕಂಬ ನೋಡಿ. ಅದಕ್ಕೇ ಹಳೇ ಬಿದ್ರಿಯಲ್ಲಿ ಬೆಳ್ಳಿ ಬೂದಿ ಬಣ್ಣಕ್ಕೆ ತಿರುಗಿ ಚಿತ್ರ ಮಸುಕಾಗಿರುತ್ತದೆ.

ಇನ್ನೊಂದು ಮಾತು, ಮುಖ್ಯವಾದದ್ದು. ಬಿದ್ರಿಯನ್ನು ಯಾವತ್ತೂ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ಆ ಕಪ್ಪನ್ನೇ ಕಿತ್ತುಕೊಂಡು ಹೋಗುತ್ತದೆ. ನಮ್ಮ ಕಡೆ ಹಬ್ಬದ ಹಿಂದಿನ ದಿನ ಲೋಹದ ಸಾಮಾನು ಅಂತ ಕಂಡಿದ್ದಕ್ಕೆಲ್ಲ ಹುಣಸೆಹಣ್ಣು ಬೀಳುತ್ತದೆ, ಅದಕ್ಕೆ ಹೇಳಿದೆ.

ಬ್ರಿಮ್ಸ್ ರೋಡ್

ಬೀದರಿನವ ನಾನು. ನಮ್ಮ ಓಣಿ ಹತ್ತಿರವೇ ಈ ಕೆಲಸ ಮಾಡುವವರ ಅಂಗಡಿಗಳಿವೆ, ಸಣ್ಣವನಿದ್ದಾಗ ಶಾಲೆ ಬಿಟ್ಟ ಮೇಲೆ ಅಲ್ಲೇ ನಿಂತು ನೋಡುತ್ತಿದ್ದೆವು. ಮಸಿಕುಡಿಕೆ ಅವರು ಹೇಳಿದ್ದರಲ್ಲಿ ನಡುವಿನ ಒಂದು ಮಜಾ ಬಿಟ್ಟುಹೋಗಿದೆ ನೋಡ್ರಿ.

ಎರಕದಿಂದ ಬಂದ ಪಾತ್ರೆ ಬೂದಿ ಬಿಳುಪು ಇರುತ್ತದೆ. ಅದನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡುತ್ತಾರೆ. ಆ ಹೊಳಪಿನ ಮೇಲೆ ಗೆರೆ ಎಳೆದರೆ ಕಾಣುವುದಿಲ್ಲ. ಹಾಗಾಗಿ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಸವರುತ್ತಾರೆ, ಕ್ಷಣದಲ್ಲಿ ಕಪ್ಪಾಗುತ್ತದೆ. ಇದು ತಾತ್ಕಾಲಿಕ ಕಪ್ಪು, ಬರೀ ಬರೆಯಲಿಕ್ಕೆ. ಆ ಕರಿಹಲಗೆಯ ಮೇಲೆ ಚೂಪಾದ ಉಕ್ಕಿನ ಮೊನೆಯಿಂದ ಹೂ, ಬಳ್ಳಿ ಎಲ್ಲ ಬಿಡಿಗೈಯಲ್ಲೇ ಬರೆಯುತ್ತಾರೆ, ಟ್ರೇಸಿಂಗ್ ಗೀಸಿಂಗ್ ಇಲ್ಲ. ಆಮೇಲೆ ಸಣ್ಣ ಉಳಿ ಹಿಡಿದು ಕೊರೆಯುವುದು. ಗೆರೆಯೊಳಗೆ ಬೆಳ್ಳಿ ತಂತಿಯ ತುದಿ ಇಟ್ಟು, ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಬಡಿಯುತ್ತ ಹೋಗುತ್ತಾರೆ. ಅಂಟು ಏನೂ ಇಲ್ಲ, ಮೆತ್ತಗಿನ ಬೆಳ್ಳಿ ಹರಡಿಕೊಂಡು ಗೆರೆಯನ್ನು ಕಚ್ಚಿಕೊಳ್ಳುತ್ತದೆ.

ಈಗ ಮಜಾ ಕೇಳ್ರಿ. ಬೆಳ್ಳಿ ಕೂರಿಸಿದ ಮೇಲೆ ಇಡೀ ಪಾತ್ರೆಯನ್ನು ಮತ್ತೆ ಉಜ್ಜುತ್ತಾರೆ. ಮೈಲುತುತ್ತದ ಕಪ್ಪು ಹೋಗುತ್ತದೆ. ಸತುವೂ ಬಿಳಿ, ಬೆಳ್ಳಿಯೂ ಬಿಳಿ, ಅಷ್ಟು ದಿನ ಕಣ್ಣು ನೋಯಿಸಿಕೊಂಡು ಮಾಡಿದ ಚಿತ್ರ ಹೆಚ್ಚುಕಮ್ಮಿ ಮಾಯ! ಸಣ್ಣವನಿದ್ದಾಗ ನನಗೆ ಇದು ನೋಡಿ ಗಾಬರಿ ಆಗುತ್ತಿತ್ತು. ಆಮೇಲೆ ಪಾತ್ರೆ ಬಿಸಿ ಮಾಡಿ, ಮಣ್ಣು ಮತ್ತು ನವಸಾಗರದ ನೀರು ತಿಕ್ಕಿ ತೊಳೆದರೆ ಸುತ್ತಲಿನ ಜಾಗ ಮಾತ್ರ ಕಪ್ಪಾಗಿ ಚಿತ್ರ ಎದ್ದು ನಿಲ್ಲುತ್ತದೆ. ಕೊನೆಗೆ ಒಂದಿಷ್ಟು ಎಣ್ಣೆ ಸವರುತ್ತಾರೆ, ಕಪ್ಪು ಇನ್ನೂ ಗಾಢವಾಗುತ್ತದೆ.

ಮಣ್ಣಿನ ಮಾತು ಕತೆ ಅಲ್ಲ. ಕೋಟೆಯೊಳಗೆ ಬಿಸಿಲು, ಮಳೆ ಬೀಳದ ಹಳೇ ಕಟ್ಟಡಗಳ ಜಾಗದಿಂದಲೇ ತರುತ್ತಾರೆ. ನಾಲಿಗೆಗೆ ಹಚ್ಚಿ ರುಚಿ ನೋಡಿ ಇದು ಆಗುತ್ತದೆ, ಇದು ಆಗಲ್ಲ ಅಂತ ಹೇಳುವ ಹಿರಿಯರಿದ್ದಾರೆ. 2006ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು, ಸಿಕ್ಕಿದೆ, 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆದರೆ ಬೆಳ್ಳಿ ದರ ಏರಿದಷ್ಟೂ ಸಣ್ಣ ಕೆಲಸಗಾರರಿಗೆ ಕಷ್ಟ, ಆ ವಿಷಯ ತೆಗೆದರೆ ಬೇರೆ ಪುರಾಣವೇ ಆಗುತ್ತದೆ.

ಅನುಮಾನಪ್ಪ

ಮಣ್ಣಿನ ರುಚಿ ನೋಡಿ ಹೇಳುತ್ತಾರೆ ಅನ್ನುವುದೆಲ್ಲ ಕೇಳಲಿಕ್ಕೆ ಚೆನ್ನಾಗಿದೆ. ಆದರೆ ನವಸಾಗರ ಒಂದಿದ್ದರೆ ಸಾಲದಾ? ಬೀದರಿನ ಮಣ್ಣೇ ಆಗಬೇಕು ಅನ್ನುವುದು ನನಗೇನೋ ಮಾರ್ಕೆಟಿಂಗ್ ಥರ ಕಾಣುತ್ತದೆ.

ನನ್ನ ಕೇಳಿದರೆ ಇದರಲ್ಲಿ ನಿಜವಾಗಿ ಬೆರಗಾಗಬೇಕಾದದ್ದು ಮಣ್ಣಿಗಲ್ಲ, ಸತುವಿಗೆ. ಅದಿರಿನಿಂದ ಸತು ತೆಗೆಯುವುದು ಕಬ್ಬಿಣ, ತಾಮ್ರ ತೆಗೆದ ಹಾಗಲ್ಲ. ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುತ್ತದೆ. ಅದಿರಿನಿಂದ ಅದು ಬಿಡಿಸಿಕೊಂಡು ಬರಬೇಕಾದರೆ ಅದಕ್ಕಿಂತ ಜಾಸ್ತಿ ಕಾವು ಬೇಕು. ಅಂದರೆ ಲೋಹ ಹುಟ್ಟುವಾಗಲೇ ಹೊಗೆಯಾಗಿ ಹಾರಿಹೋಗುತ್ತದೆ, ಗಾಳಿ ತಗುಲಿದರೆ ಬಿಳಿ ಪುಡಿ. ರಾಜಸ್ಥಾನದ ಉದಯಪುರದ ಹತ್ತಿರ ಜಾವರ್ ಅಂತ ಊರಿದೆ. ಅಲ್ಲಿ ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳಿಗೆ ಅದಿರು ತುಂಬಿ, ಬಾಯಿ ಕೆಳಗೆ ಮಾಡಿ ಕುಲುಮೆಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು, ಒಂದು ಕುಲುಮೆಗೆ 36. ಆವಿ ಮೇಲೆ ಹೋಗಲು ದಾರಿ ಇಲ್ಲ, ಕೊಳವೆಯಲ್ಲಿ ಕೆಳಗಿಳಿದು ತಂಪು ಜಾಗದಲ್ಲಿ ಲೋಹವಾಗಿ ತೊಟ್ಟಿಕ್ಕುತ್ತಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಜಾವರ್‌ನಲ್ಲಿ ಅದಕ್ಕೂ ಎಷ್ಟೋ ಶತಮಾನ ಮೊದಲೇ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಇದನ್ನು ಬಿಟ್ಟು ಎಲ್ಲರೂ ಮಣ್ಣು ಮಣ್ಣು ಅಂತಾರೆ.

ಪಿಪೆಟ್ಟು

@ಅನುಮಾನಪ್ಪ ಸತುವಿನ ಮಾತಿಗೆ ಪೂರ್ತಿ ಒಪ್ಪಿಗೆ. ಮಣ್ಣಿನ ಮಾತಿಗೆ ಅರ್ಧ.

ಹಳೇ ಗೋಡೆಗಳ ಬುಡದಲ್ಲಿ, ದನ ಕುದುರೆ ಕಟ್ಟಿದ ಜಾಗದಲ್ಲಿ, ಮೂತ್ರ ಗೊಬ್ಬರ ಕೊಳೆತು ಬ್ಯಾಕ್ಟೀರಿಯಾಗಳಿಂದ ನೈಟ್ರೇಟ್ ಉಂಟಾಗುತ್ತದೆ. ಪೆಟ್ಲುಪ್ಪು ಅಂತೀವಲ್ಲ, ಅದೇ ಜಾತಿ. ನೀರಿನಲ್ಲಿ ಸುಲಭವಾಗಿ ಕರಗುವ ವಸ್ತು, ಮಳೆ ಬಿದ್ದರೆ ತೊಳೆದು ಹೋಗುತ್ತದೆ. ಹಾಗಾಗಿ ಸೂರಿನ ಕೆಳಗೆ, ಮಳೆ ತಾಗದ ಮೂಲೆಯ ಮಣ್ಣಿನಲ್ಲಿ ಮಾತ್ರ ಉಳಿಯುತ್ತದೆ. ಹಿಂದೆ ಮದ್ದಿನಪುಡಿಗೆ ಬೇಕಾದ ಪೆಟ್ಲುಪ್ಪನ್ನೂ ಇಂಥ ಮಣ್ಣು ಕೆರೆದು ತಂದೇ ತೆಗೆಯುತ್ತಿದ್ದರು. ನೈಟ್ರೇಟ್ ಆಕ್ಸಿಡೈಸ್ ಮಾಡಲು ಸಹಾಯ ಮಾಡುತ್ತದೆ, ಅದರಿಂದ ಕಪ್ಪು ಚೆನ್ನಾಗಿ ಬರುತ್ತದೆ ಅನ್ನುವುದಕ್ಕೆ ಅರ್ಥ ಇದೆ. ನಾಲಿಗೆಯ ಪರೀಕ್ಷೆಯೂ ಸುಮ್ನೆ ಅಲ್ಲ. ಪೆಟ್ಲುಪ್ಪು ಕರಗುವಾಗ ಕಾವು ಹೀರಿಕೊಳ್ಳುತ್ತದೆ, ನಾಲಿಗೆಗೆ ಉಪ್ಪಿನ ಜೊತೆ ಒಂದು ತಣ್ಣನೆಯ ಜುಮ್ ಸಿಗುತ್ತದೆ.

ಇಂಥ ಮಣ್ಣು ಬೀದರ್ ಕೋಟೆಯಲ್ಲಿ ಮಾತ್ರ ಇರಬೇಕು ಅಂತೇನೂ ಕೆಮಿಸ್ಟ್ರಿ ಹೇಳಲ್ಲ. ಆದರೆ ಕಸುಬುದಾರರ ಕೈಗೆ ಎಟುಕುವಷ್ಟು ಹತ್ತಿರ, ಅಷ್ಟು ಹಳೇ ಕೋಟೆ ಎಷ್ಟು ಊರಲ್ಲಿ ಇದೆ ಹೇಳಿ?

ಬೆಟ್ಟದ ಮೆಟ್ಟಿಲು

ಮೈಸೂರಿನಿಂದ ಒಂದು. ಬಿದ್ರಿಯಲ್ಲಿ ಬೆಳ್ಳಿ ಬೆಳ್ಳಗೆ ಉಳಿಯುವುದು ನಿಮ್ಮ ವಿಸ್ಮಯ ಅಲ್ವಾ, ಬೆಳ್ಳಿಯೇ ಕಪ್ಪಾಗಿ ಕೆಲಸ ಮಾಡುವ ಉದಾಹರಣೆ ನಿಮ್ಮ ಬೆರಳಿನ ಮೇಲೇ ಇದೆ. ವೋಟು ಹಾಕಿದಾಗ ಹಚ್ಚುವ ಶಾಯಿ.

ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಹಚ್ಚಿದಾಗ ಕಾಣುವ ನೇರಳೆ ಬರೀ ಮೇಲಿನ ಬಣ್ಣ, ಅದು ತೊಳೆದರೆ ಹೋಗುತ್ತದೆ. ಅಸಲಿ ಕೆಲಸ ಆಮೇಲೆ. ಸಿಲ್ವರ್ ನೈಟ್ರೇಟ್ ಚರ್ಮದ ಬೆವರಿನ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಅದಕ್ಕೆ ಬೆಳಕು ಬಿದ್ದರೆ ಬೆಳ್ಳಿಯ ಅತಿಸಣ್ಣ ಕಣಗಳಾಗಿ ಒಡೆಯುತ್ತದೆ. ಮತಗಟ್ಟೆಯಿಂದ ಹೊರಗೆ ಬಂದು ಬಿಸಿಲಲ್ಲಿ ನಡೆದಷ್ಟೂ ಕಪ್ಪು. ಸೋಪು, ಸೀಮೆಎಣ್ಣೆ ಏನೇ ಹಾಕಿ ತಿಕ್ಕಿದರೂ ಹೋಗಲ್ಲ, ಉಗುರು ಬೆಳೆದು ಚರ್ಮ ಉದುರಿದಾಗಲೇ ಹೋಗುವುದು.

ತಯಾರಾಗುವುದು ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿದ್ದು, ಆಗ ಅರಗು ಮತ್ತು ಬಣ್ಣದ ಕಾರ್ಖಾನೆ. ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೂತ್ರ ಕೊಟ್ಟಿತು, 1962ರ ಲೋಕಸಭಾ ಚುನಾವಣೆಯಿಂದ ಇಲ್ಲಿಂದಲೇ ಸರಬರಾಜು. 10 ಎಂಎಲ್‌ನ ಒಂದು ಪುಟ್ಟ ಬಾಟಲಿ ಸುಮಾರು 700 ಬೆರಳಿಗೆ ಬರುತ್ತದೆ. ಹೊರದೇಶಗಳ ಚುನಾವಣೆಗೂ ಹೋಗುತ್ತದೆ.

ಮಸಿಕುಡಿಕೆ

ಇದು ಸಖತ್. ಆದರೆ ತಲೆ ಕೆಟ್ಟಿತು. ಹೂದಾನಿಯಲ್ಲೂ ಬೆಳ್ಳಿ ಲೋಹವೇ, ಬೆರಳಿನ ಮೇಲೂ ಬೆಳ್ಳಿ ಲೋಹವೇ. ಹಾಗಾದರೆ ಒಂದು ಹೊಳೆಯುವುದು, ಒಂದು ಕಪ್ಪು ಹೇಗೆ?

ಪಿಪೆಟ್ಟು

ಗಾತ್ರ. ತಂತಿಯಾಗಿದ್ದಾಗ ನುಣುಪಾದ ಮೈ ಇರುತ್ತದೆ, ಬಿದ್ದ ಬೆಳಕನ್ನು ಹಾಗೇ ವಾಪಸ್ ಕಳಿಸುತ್ತದೆ. ಕಣ್ಣಿಗೆ ಕಾಣದಷ್ಟು ಪುಡಿಯಾಗಿ ಎಲ್ಲೆಂದರಲ್ಲಿ ಚೆದುರಿದ್ದಾಗ ಬೆಳಕು ಆ ಕಣಗಳ ನಡುವೆ ಸಿಕ್ಕಿ ಹೀರಿಹೋಗುತ್ತದೆ, ವಾಪಸ್ ಬರುವುದಿಲ್ಲ. ನಿಮ್ಮ ಅಜ್ಜ ಅಜ್ಜಿಯ ಕಪ್ಪು ಬಿಳುಪು ಮದುವೆ ಫೋಟೋದಲ್ಲಿ ಅಜ್ಜನ ಕೋಟು ಕಪ್ಪಾಗಿ ಕಾಣುವುದೂ ಇದೇ ಬೆಳ್ಳಿಯ ಪುಡಿಯಿಂದ.

ಸೀರೆಪೆಟ್ಟಿಗೆ

ಬಟ್ಟೆಯ ಕಡೆಯಿಂದ ನನ್ನದೊಂದು. ಶ್ರೀಕಾಳಹಸ್ತಿಯ ಕಲಂಕಾರಿ, ಪೆನ್ನಿನಿಂದ ಬರೆಯುವ ಬಗೆ. ಅಚ್ಚು ಒತ್ತುವುದಲ್ಲ, ಕೆಲವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ, ಅಂಗಡಿಯವರಂತೂ ಕೇಳುವುದೇ ಬೇಡ.

ಅದರ ಕಪ್ಪು ಗೆರೆಗೆ ಕಪ್ಪು ಬಣ್ಣವೇ ಇಲ್ಲ. ತುಕ್ಕು ಹಿಡಿದ ಕಬ್ಬಿಣದ ಚೂರು, ಬೆಲ್ಲ, ನೀರು ಹಾಕಿ ಮಡಕೆಯಲ್ಲಿ ಹುಳಿ ಬರಲು ಇಡುತ್ತಾರೆ. ದಿನಗಟ್ಟಲೆ ಕಳೆದರೆ ಕಬ್ಬಿಣ ಕರಗಿದ ನೀರು ಸಿಗುತ್ತದೆ. ಬಟ್ಟೆಯನ್ನು ಮೊದಲೇ ಅಳಲೆಕಾಯಿ ಮತ್ತು ಹಾಲಿನಲ್ಲಿ ನೆನೆಸಿ ಒಣಗಿಸಿಟ್ಟಿರುತ್ತಾರೆ. ಬಿದಿರು ಕಡ್ಡಿಯ ಪೆನ್ನಿಗೆ ಸುತ್ತಿದ ಉಣ್ಣೆಯನ್ನು ಮೆತ್ತಗೆ ಒತ್ತಿದರೆ ಆ ನೀರು ತುದಿಗೆ ಇಳಿಯುತ್ತದೆ. ಬಟ್ಟೆಗೆ ತಗುಲಿದಾಗ ಅಳಲೆಕಾಯಿಯ ಒಗರಿಗೂ ಕಬ್ಬಿಣಕ್ಕೂ ಕೂಡಿ ಕಪ್ಪು ಗೆರೆ. ಹಾಲು ಯಾಕೆ ಅಂದರೆ, ಅದರ ಕೊಬ್ಬಿನಿಂದ ಬಣ್ಣ ಅತ್ತಿತ್ತ ಹರಡುವುದಿಲ್ಲ.

ಮನೆಯಲ್ಲೇ ನೋಡಬೇಕಾ? ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಪುಡಿ ಕಲಸಿ ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. ನಮ್ಮ ಅಮ್ಮ ತಲೆಗೆ ಹಚ್ಚುವ ಗೋರಂಟಿಗೆ ಹೀಗೇ ಮಾಡುವುದು, ಸ್ಟೀಲ್ ಪಾತ್ರೆಯಲ್ಲಿ ಮಾಡಿದರೆ ಕೂದಲು ಕೆಂಪು, ಕಬ್ಬಿಣದಲ್ಲಿ ಮಾಡಿದರೆ ಕಪ್ಪಿನ ಛಾಯೆ. ಅಮ್ಮನಿಗೆ ಒಗರು, ಕಬ್ಬಿಣ ಯಾವುದೂ ಹೇಳಬೇಕಾಗಿಲ್ಲ, ಯಾವ ಬಾಣಲೆ ಅನ್ನುವುದು ಮಾತ್ರ ಖಡಾಖಂಡಿತ.

ಕುಡ್ಲದ ಕಾಗೆ

ಬಣ್ಣ ಹಚ್ಚದೇ ಅಂತ ಕೇಳಿದ್ದೀರಿ, ಇದರಲ್ಲಿ ಶಾಯಿ ಇದೆ, ಆದರೂ ಹಾಕುತ್ತೇನೆ, ಬೇಕಾದರೆ ಬೈಯಿರಿ.

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, 1843ರ ಜುಲೈ 1, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ತಂದದ್ದು. ಇಷ್ಟು ಎಲ್ಲರಿಗೂ ಗೊತ್ತು, ಕ್ವಿಜ್‌ನಲ್ಲಿ ಬರುತ್ತದೆ. ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಸೀಸದ ಅಚ್ಚುಮೊಳೆ ಇಲ್ಲ, ಕಲ್ಲಿನಲ್ಲಿ ಕೆತ್ತಿದ ಅಕ್ಷರವೂ ಇಲ್ಲ. ಕಲ್ಲು ಸಪಾಟು!

ನುಣ್ಣನೆಯ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆಯಬೇಕು. ಗೋಂದಿಗೆ ಸ್ವಲ್ಪ ಆಮ್ಲ ಸೇರಿಸಿ ಸವರಿದರೆ, ಬರೆಯದ ಜಾಗ ನೀರನ್ನು ಹಿಡಿದುಕೊಳ್ಳುವ ಹಾಗೆ ಆಗುತ್ತದೆ. ಆಮೇಲೆ ಕಲ್ಲು ಒದ್ದೆ ಮಾಡಿ ಶಾಯಿಯ ರೋಲರ್ ಓಡಿಸಿದರೆ, ಒದ್ದೆ ಜಾಗ ಶಾಯಿಯನ್ನು ತಳ್ಳುತ್ತದೆ, ಜಿಡ್ಡು ಮಾತ್ರ ಹಿಡಿಯುತ್ತದೆ. ಕಾಗದ ಇಟ್ಟು ಒತ್ತಿದರೆ ಮುಗಿಯಿತು. ಜರ್ಮನಿಯ ಸೆನೆಫೆಲ್ಡರ್ 1790ರ ದಶಕದಲ್ಲಿ ಕಂಡುಹಿಡಿದದ್ದು. ಇವತ್ತಿನ ಆಫ್‌ಸೆಟ್ ಮುದ್ರಣದಲ್ಲಿ ಕಲ್ಲಿನ ಬದಲು ತಗಡು ಬಂದಿದೆ, ನೀರು ಜಿಡ್ಡಿನ ಜಗಳ ಅದೇ.

ಕನ್ನಡಕ್ಕೆ ಇದು ಯಾಕೆ ಹೊಂದಿತು ಯೋಚಿಸಿ. ಮೊಳೆ ಎರಕ ಹೊಯ್ಯಬೇಕಾದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ತುಂಡು ಬೇಕು. ಕಲ್ಲಿನ ಮೇಲಾದರೆ ಕೈಬರಹವೇ ಅಕ್ಷರ, ಒತ್ತು ಎಲ್ಲಿ ಬೇಕೋ ಅಲ್ಲಿ ಎಳೆದರಾಯಿತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋದ ಮೇಲೆ ಮೊಳೆಗಳಲ್ಲಿ ಅಚ್ಚಾಯಿತು.

ಕಲ್ಲಚ್ಚಿಗೆ ಹೆಸರುವಾಸಿ ಕಲ್ಲು ಬವೇರಿಯಾದ ಸೋಲ್ನ್‌ಹೋಫನ್‌ನದು. ಕಣ ಅಷ್ಟು ಸಣ್ಣದು. ಅದೇ ಗುಣದಿಂದ ಆ ಕಲ್ಲಿನ ಪದರಗಳಲ್ಲಿ ಹಕ್ಕಿಯ ಗರಿಯ ಒಂದೊಂದು ಎಳೆಯೂ ಅಚ್ಚೊತ್ತಿ ಉಳಿದಿತ್ತು. 1861ರಲ್ಲಿ ಸಿಕ್ಕ ಆರ್ಕಿಯಾಪ್ಟೆರಿಕ್ಸ್ ಎಂಬ ಆದಿಮ ಹಕ್ಕಿಯ ಪಳೆಯುಳಿಕೆ ಅಲ್ಲಿಯದೇ.

ಅನುಮಾನಪ್ಪ

ಕಾಗೆ ಅವರೇ, ಬೈಯಲ್ಲ. ಮುದ್ರಣದ ಕಲ್ಲು ಹುಡುಕುತ್ತಾ ಹೋಗಿ ಗರಿ ಇರುವ ಹಲ್ಲಿಯಂಥ ಹಕ್ಕಿ ಸಿಕ್ಕಿದ್ದು ಇವತ್ತಿನ ನನ್ನ ಫೇವರಿಟ್. ಮಣ್ಣಿಗಿಂತ ಕಲ್ಲು ವಾಸಿ.

ಬಿಸಿಲುಕೋಲು

ಎಲ್ಲರೂ ಕಪ್ಪು ಹಾಕಿದ್ದೀರಿ, ನನ್ನದು ನೀಲಿ. ಸಯನೋಟೈಪ್. 1842ರಲ್ಲಿ ಖಗೋಳಜ್ಞ ಜಾನ್ ಹರ್ಷೆಲ್ ಕಂಡುಹಿಡಿದ, ಬಿಸಿಲಿನಿಂದ ನೀಲಿ ಚಿತ್ರ ಮೂಡಿಸುವ ವಿಧಾನ. ಮರುವರ್ಷವೇ, ಅಂದರೆ ಕಾಗೆ ಹೇಳಿದ ಅದೇ 1843ರಿಂದ, ಆನಾ ಆಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಸಮುದ್ರ ಪಾಚಿಗಳನ್ನು ಕಾಗದದ ಮೇಲಿಟ್ಟು ಬಿಸಿಲಿನಲ್ಲೇ ಚಿತ್ರ ತೆಗೆದು ಪುಸ್ತಕ ಮಾಡಿದರು. ಫೋಟೋಗಳಿರುವ ಮೊದಲ ಪುಸ್ತಕ ಅದು ಅನ್ನುತ್ತಾರೆ. ಕ್ಯಾಮೆರಾ ಇಲ್ಲ, ಲೆನ್ಸ್ ಇಲ್ಲ.

ನಾನು ಅಕ್ಕನ ಮಗಳ ಜೊತೆ ತಾರಸಿ ಮೇಲೆ ನುಗ್ಗೆ ಸೊಪ್ಪು ಇಟ್ಟು ಮಾಡಿದೆ. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ 100 ಎಂಎಲ್ ನೀರಿಗೆ, ಪೊಟ್ಯಾಸಿಯಂ ಫೆರಿಸೈನೈಡ್ 10 ಗ್ರಾಂ ಇನ್ನೊಂದು 100 ಎಂಎಲ್ ನೀರಿಗೆ. ಬೇಕಾದಾಗ ಎರಡನ್ನೂ ಸಮ ಸಮ ಸೇರಿಸಿ, ಕತ್ತಲೆ ಕೋಣೆಯಲ್ಲಿ ದಪ್ಪ ಡ್ರಾಯಿಂಗ್ ಹಾಳೆಗೆ ಬ್ರಷ್ಷಿನಿಂದ ಬಳಿದು ಒಣಗಿಸಿ. ಹಳದಿ ಹಸಿರು ಬಣ್ಣ ಇರುತ್ತದೆ. ಮೇಲೆ ಎಲೆ ಇಟ್ಟು, ಗಾಜು ಒತ್ತಿ, ಬಿಸಿಲಿಗೆ ಇಡಿ. ಬಿಸಿಲು ಬಿದ್ದ ಜಾಗ ಬೂದಿ ಬಣ್ಣಕ್ಕೆ ತಿರುಗಿದಾಗ ತೆಗೆದು ನೀರಿನಲ್ಲಿ ತೊಳೆಯುವುದು. ಎಲೆಯ ಕೆಳಗಿದ್ದ ಮದ್ದು ಕರಗಿ ಹೋಗಿ ಬಿಳಿ, ಉಳಿದದ್ದು ನೀಲಿ. ತೊಳೆಯುವ ನೀರಿಗೆ ನಾಲ್ಕು ಹನಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೀಲಿ ಕಣ್ಣೆದುರೇ ಗಾಢವಾಗುತ್ತದೆ, ಹುಡುಗಿ ಕಿರುಚಿದ್ದು ಕೆಳಗಿನ ಮನೆಗೆ ಕೇಳಿಸಿತು.

ಇಂಜಿನಿಯರುಗಳ ಹಳೇ ನೀಲಿನಕ್ಷೆಗಳೆಲ್ಲ ಇದೇ ವಿಧಾನದವು. ಸೀರೆಪೆಟ್ಟಿಗೆ ಅವರಿಗೆ ಒಂದು ಸುದ್ದಿ: ಈ ನೀಲಿ ಚಿತ್ರವನ್ನು ಕಡು ಟೀ ಡಿಕಾಕ್ಷನ್ನಿನಲ್ಲಿ ನೆನೆಸಿದರೆ ಕಂದು ಕಪ್ಪಾಗುತ್ತದೆ. ನಿಮ್ಮ ಅಳಲೆಕಾಯಿ ಕಬ್ಬಿಣದ ಕತೆಯೇ.

ಮಸಿಕುಡಿಕೆ

ಈ ಭಾನುವಾರ ಇದನ್ನೇ ಮಾಡುವುದು. ಈ ಸೈನೈಡ್ ಹೆಸರಿನ ಸಾಮಾನು ಮನೆಯಲ್ಲಿ ಇಡಬಹುದಾ? ಮತ್ತೆ ಎಲ್ಲಿ ಸಿಗುತ್ತದೆ?

ಪಿಪೆಟ್ಟು

ಶಾಲಾ ಕಾಲೇಜು ಲ್ಯಾಬಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಫೆರಿಸೈನೈಡ್ ಅಂತ ಸರಿಯಾಗಿ ಹೇಳಿ, ಫೆರೋಸೈನೈಡ್ ಬೇರೆ. ಸೈನೈಡ್ ಅದರಲ್ಲಿ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಹಾಗಾಗಿ ಸಾಧಾರಣ ಬಳಕೆಗೆ ಭಯ ಬೇಡ. ಆದರೆ ಜೋರು ಆಮ್ಲದ ಹತ್ತಿರ, ಒಲೆಯ ಹತ್ತಿರ ತರಲೇಬಾರದು. ಟಾಯ್ಲೆಟ್ ತೊಳೆಯುವ ಆಸಿಡ್ ಇಡುವ ಕಪಾಟಿನಲ್ಲಂತೂ ಇಡಬೇಡಿ. ಕೈಗವಸು ಹಾಕಿ, ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳಿದ್ದರೆ ಮಿಶ್ರಣ ನೀವೇ ಮಾಡಿ. ಚಿತ್ರ ಬಂದ ಮೇಲೆ ಅದಕ್ಕೆ ಸೋಪಿನ ನೀರು, ವಾಷಿಂಗ್ ಸೋಡಾ ತಾಗಿಸಬೇಡಿ, ನೀಲಿ ಮಾಸಿಹೋಗುತ್ತದೆ.

ಬ್ರಿಮ್ಸ್ ರೋಡ್

ಆ ಹೂದಾನಿ ಪಡೆದವರಿಗೂ ಒಂದು ಮಾತು ತಿಳಿಸಿಬಿಡ್ರಿ. ಒಳಗೆ ನೀರು ತುಂಬಿ ಹೂ ಇಡಬಾರದು. ಒಣ ಬಟ್ಟೆಯಲ್ಲಿ ಒರೆಸಿ, ವರ್ಷಕ್ಕೆ ಒಂದೆರಡು ಸಲ ಕೊಬ್ಬರಿ ಎಣ್ಣೆ ಒಂದು ಹನಿ ಸವರಿದರೆ ಸಾಕು.